ಮಲಗಿಸಿದ ಕಲ್ಲು

ಕಾಡೊಳಗೆ ನಮ್ಮ ಹಾಡಿಯ ಗುಡಿಸಲುಗಳಿದ್ದ ಜಾಗದಲ್ಲಿ ಈಗ ನೋಡಲು ಬರುವವರಿಗೆಂದು ಒಂದು ಕಾಲುದಾರಿ ಮಾಡಿದ್ದಾರೆ. ಮಲಯಾಳಂ ಸೀಮೆಯ ಬೇಗೂರಿನ ಕಾಡಂಚಿನಲ್ಲಿ ಶುರುವಾಗಿ, ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಮರಮರಕ್ಕೂ ಹೆಸರಿನ ಹಲಗೆ. ನಮಗೂ ಒಂದು ಹಲಗೆ ಇದೆ, ಇಲ್ಲಿ ಹಿಂದೆ ಕಾಡಿನ ಜನ ಬಾಳಿದ್ದರು ಎಂದು. ಬಾಳಿದ್ದರಂತೆ! ಹಾಗಾದರೆ ಓದುತ್ತ ನಿಂತಿರುವ ನಾನು ಯಾರು? ಮೈಯೆಲ್ಲ ಉರಿಯಿತು.

ಅವ್ವನಿಗೆ ಹಲಗೆಯ ಗೊಡವೆ ಇರಲಿಲ್ಲ. ಅವಳು ಬಂದದ್ದು ಅಪ್ಪನನ್ನು ಮನೆಗೆ ಕರೆದೊಯ್ಯಲು. ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಒಂದು ಚಪ್ಪಡಿ ಕಲ್ಲು ನೆಡುತ್ತೇವೆ. ಹಾಡಿ ಬಿಟ್ಟು ಹೋಗುವಾಗ ಅದನ್ನು ಕಿತ್ತು ಮಲಗಿಸಿ, ನೆಲ ಸಿಕ್ಕಿದ ಮೇಲೆ ಬಂದು ಒಯ್ಯುತ್ತೇವೆ ಎಂದು ಹೇಳಿ ಬರಬೇಕು. ನಿಂತ ಕಲ್ಲನ್ನು ಹಾಗೇ ಬಿಟ್ಟರೆ ಸತ್ತವರು ನಮ್ಮ ದಾರಿ ಕಾಯುತ್ತ ನಿಂತೇ ಇರುತ್ತಾರೆ. ನಮ್ಮನ್ನು ಒಕ್ಕಲೆಬ್ಬಿಸಿದಾಗ ಎಲ್ಲರೂ ಹಾಗೇ ಮಾಡಿದೆವು. ಆಮೇಲೆ ಪಯ್ಯಂಪಳ್ಳಿಯ ಹತ್ತಿರ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಇದ್ದೆವು. ಕಲ್ಲು ನೆಡಲು ಅಂಗಳವೇ ಇರಲಿಲ್ಲ. ಈಗ ಹಿತ್ತಿಲಿರುವ ಮನೆ ಸಿಕ್ಕಿದೆ. ಅವ್ವನಿಗೆ ಉಬ್ಬಸವೂ ಹೆಚ್ಚಾಗಿದೆ. ತಾನು ಕಣ್ಣು ಮುಚ್ಚುವ ಮೊದಲು ಅವನು ಬರಬೇಕೆಂದು ಹಟ ಹಿಡಿದು, ಕಲ್ಲು ಸುತ್ತಲು ಹೊಸ ಪಂಚೆ ತಂದಿದ್ದಳು.

ಕಲ್ಲುಗಳನ್ನು ಮಲಗಿಸಿದ್ದ ಅತ್ತಿಮರದ ಬುಡ ಬರಿದಾಗಿತ್ತು. ಅವ್ವ ನಿಧಾನವಾಗಿ ಕಾಲ ಕೆಳಗೆ ನೋಡಿದಳು. ದಾರಿಯುದ್ದಕ್ಕೂ ಚಪ್ಪಡಿ ಹಾಸಿದ್ದರು. ಸುಮ್ಮನೆ ಬಿದ್ದ ಕಲ್ಲು ತಾನೇ ಎಂದು ಎತ್ತಿ, ಅಂಚು ಒಡೆದು, ಒಂದಕ್ಕೊಂದು ಕೂಡುವಂತೆ ಜೋಡಿಸಿದ್ದರು. ಅಪ್ಪನ ಕಲ್ಲಿನ ಒಂದು ಮೂಲೆ ಮುಕ್ಕಾಗಿತ್ತು, ಅದೊಂದೇ ಗುರುತು. ಈಗ ಎಲ್ಲದರ ಮೂಲೆಯೂ ಮುಕ್ಕು.

"ಮಗಾ, ಕಾಲು ತೆಗಿ! ನಿನ್ನಪ್ಪ ಇಲ್ಲೇ ಎಲ್ಲೋ ಅವ್ನೆ," ಎಂದು ಅವ್ವ ನನ್ನನ್ನು ಪೊದೆಯೊಳಕ್ಕೆ ಎಳೆದಳು. ಮುಳ್ಳಿನ ನಡುವೆಯೇ ಕೂತು, ಪಂಚೆಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ.

ದಾರಿ ತೋರಿಸಲು ಜೊತೆಗೆ ಬಂದಿದ್ದ ಹುಡುಗಿ ಗಾಬರಿಯಾಗಿ, ದಾರಿ ಬಿಟ್ಟು ಹೋಗಬಾರದು, ಹಾವಿರುತ್ತದೆ, ಕಲ್ಲಿನ ಮೇಲೆ ಬನ್ನಿ ಅಮ್ಮಾ ಎಂದು ಮಲಯಾಳಂನಲ್ಲಿ ಕೂಗಿದಳು. ಒಳ್ಳೆಯ ಹುಡುಗಿಯೇ, ಕೈ ಬೇರೆ ಚಾಚಿದಳು.

ಅವ್ವನಿಗೆ ಮಲಯಾಳಂ ಬರುತ್ತದೆ. ಆದರೂ ನನ್ನ ಕಡೆ ತಿರುಗಿ, "ಅವ್ಳಿಗೆ ಹೇಳು ಮಗಾ, ಗಂಡನ ಮೇಲೆ ನಾ ಕಾಲಿಡಕ್ಕಿಲ್ಲ," ಎಂದಳು.

ಹೇಳಿದೆ. ಹುಡುಗಿ ಬೆಚ್ಚಿ ಹಿಂದಕ್ಕೆ ಸರಿದಳು. ಸರಿದು ನಿಂತದ್ದೂ ಇನ್ನೊಂದು ಚಪ್ಪಡಿಯ ಮೇಲೆಯೇ.