ಮುಖ ಹಾಕಬೇಡಿ

ಜಿಂಜಾ ಊರಿನ ಬೈಕ್ ಟ್ಯಾಕ್ಸಿ ಸವಾರರ ವಾಟ್ಸಾಪ್ ಗ್ರೂಪಿಗೆ ಮುಗೋಯ ಅಡ್ಮಿನ್, ಸವಾರರ ಬಾಯಲ್ಲಿ 'ಚೇರ್ಮನ್'. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ಅವನೂ ಸವಾರನೇ. ಗಿರಾಕಿಯನ್ನು ಇಳಿಸಿ, ಸೀಟಿನ ಮೇಲೆ ಕೂತೇ ಹೊಲಸು ಚಿತ್ರ ಅಳಿಸುತ್ತಾನೆ, ಲಾಟರಿ ಮೋಸಗಾರರನ್ನು ಹೊರಗೆ ದಬ್ಬುತ್ತಾನೆ. ಅವನದೊಂದೇ ಕಟ್ಟಪ್ಪಣೆ: ಬೈಕ್ ಕಳುವಾದರೆ ಬೈಕಿನ ಫೋಟೋ ಹಾಕಿ, ಮನುಷ್ಯನ ಮುಖ ಹಾಕಬೇಡಿ. ಹಿಂದೊಮ್ಮೆ ಕಳ್ಳನೆಂದು ಜನ ಬಡಿದು ಕೊಂದವನ ಹೆಣವನ್ನು ಆಸ್ಪತ್ರೆಗೆ ಸಾಗಿಸಿದವನು ಅವನೇ. ಸತ್ತವನು ಕಳ್ಳನಾಗಿದ್ದನೋ ಇಲ್ಲವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆ ಶನಿವಾರ ಮಧ್ಯಾಹ್ನ ಬಾಲಿದಾವ ಎಂಬ ಸವಾರ ಮುಖವನ್ನೇ ಹಾಕಿದ. ಬೈಕು ಜೊತೆಯ ಸವಾರ ಕಿರ್ಯಾನದು. ಚಿರತೆ ಚುಕ್ಕೆಯ ಆ ಸೀಟಿನ ಹೊದಿಕೆಯನ್ನು ಗುರುತಿಸದ ಸವಾರನೇ ಇಲ್ಲ. ಮೇಲೆ ಕೂತವನು ಮಾತ್ರ ಯಾರೋ ಅಪರಿಚಿತ. ಕಿರ್ಯಾನ ಫೋನು ಬಂದ್.

"ಕಳ್ಳ! ಕಬ್ಬಿನ ಗದ್ದೆ ರಸ್ತೆ ಹಿಡಿದವ್ನೆ, ಬನ್ರೋ!"

ಮುಗೋಯ ಅಳಿಸಿದ. ಹತ್ತು ಜನ ಅದನ್ನೇ ಮತ್ತೆ ಹಾಕಿದರು.

"ಎಷ್ಟು ತಿಂದ್ರಿ ಚೇರ್ಮನ್ರೇ? ಕಳ್ಳ ನಿಮ್ಮ ಭಾಮೈದನಾ?"

"ಬಾಯ್ಮುಚ್ಚೋ ಕತ್ತೆ! ಕಿರ್ಯಾ ಬಂದು ಹೇಳೋವರ್ಗೂ ಅವನ ಮೈ ಮುಟ್ಟಬೇಡಿ."

"ನಿಮ್ ಬೈಕ್ ಹೋದಾಗ ಗೊತ್ತಾಗತ್ತೆ ಬಿಡಿ."

ಮುಗೋಯ ಸಿಟ್ಟಿನಲ್ಲಿ ಗ್ರೂಪಿಗೆ ಬೀಗ ಹಾಕಿದ. ಇನ್ನು ಅವನೊಬ್ಬನೇ ಬರೆಯಬಹುದು. ಫೋನು ತೆಪ್ಪಗಾಯಿತು, ರಸ್ತೆ ಆಗಲಿಲ್ಲ. ದೂರದಲ್ಲಿ ಎಡೆಬಿಡದ ಹಾರ್ನ್ ಶುರುವಾಗಿ, ಸವಾರನಿಂದ ಸವಾರನಿಗೆ ದಾಟುತ್ತ ಪೇಟೆಯವರೆಗೂ ಬಂತು. ಕಳ್ಳ ಸಿಕ್ಕಿದ ಅಂತ ಅರ್ಥ. ಮುಖ ಆಗಲೇ ಎಲ್ಲರ ಫೋನಿನಲ್ಲೂ ಇದೆ. ಈಗ ಅವನು ಕಳ್ಳನಲ್ಲ ಅಂತ ಹೇಳಬೇಕೆಂದರೂ ಬೇರೆ ಯಾರಿಗೂ ಬಾಯಿಲ್ಲ.

ಆಗ ಮುಗೋಯನಿಗೆ ನೆನಪಾಯಿತು: ಬೆಳಿಗ್ಗೆ ಮಣ್ಣಿಗೆ ಹೊರಟ ಜನರ ಲಾರಿಯಲ್ಲಿ ಕಿರ್ಯಾ ನಿಂತಿದ್ದ. ಹೆಣದ ಮುಂದೆ ಫೋನು ಆರಿಸಿಡುತ್ತಾರೆ. ಆದರೆ ಮಣ್ಣಿಗೆ ಹೋಗುವ ಸವಾರ ಬೈಕನ್ನು ಸುಮ್ಮನೆ ನಿಲ್ಲಿಸುವುದಿಲ್ಲ, ಆ ದಿನದ ಮಟ್ಟಿಗೆ ಯಾರಿಗಾದರೂ ಓಡಿಸಲು ಕೊಟ್ಟಿರುತ್ತಾನೆ.

ರಸ್ತೆಯ ಮೂಲೆಯಲ್ಲಿ ಕಿರ್ಯಾನ ಹೆಂಡತಿ ನಂಗೋಬಿ ಚಪಾತಿ ಬೇಯಿಸುತ್ತಿದ್ದಳು. ಮುಗೋಯ ಬೈಕನ್ನು ಒಲೆಯವರೆಗೂ ನುಗ್ಗಿಸಿದ.

"ಬೈಕ್ ಯಾರಿಗೆ ಕೊಟ್ಟೆ ತಂಗಿ?"

"ಯಾಕಣ್ಣ ಮೈಮೇಲೇ ಬರ್ತೀಯಾ? ನಮ್ಮಣ್ಣ ವಾಕೋಗೆ. ಹಳ್ಳಿಯಿಂದ ಬಂದವ್ನೆ. ಕೀ ಕೊಟ್ಟಿದ್ದು ನಾನೇ."

ಅವನು ತೋರಿಸಿದ ಫೋಟೋ ನೋಡಿದವಳ ಕೈಯಿಂದ ಲಟ್ಟಣಿಗೆ ಜಾರಿತು.

"ಅಳಬೇಡ! ಈ ಫೋನಲ್ಲಿ ಮಾತಾಡು. ದಿನಾ ಬೈಯೋ ಹಾಗೇ ಬೈಯಿ, ದನಿ ಗುರುತು ಸಿಗಲಿ."

ಅವಳ ಕೈಯಲ್ಲಿ ತಿನ್ನದ, ಬಾಯಲ್ಲಿ ಬೈಸಿಕೊಳ್ಳದ ಸವಾರ ಊರಲ್ಲಿಲ್ಲ.

"ಲೇ ಬಾಲಿದಾವ! ನಿನ್ನೆ ನನ್ನ ಚಪಾತಿ ತಿಂದು ಬಾಯಿ ಒರೆಸ್ಕೊಂಡು ಹೋದವ್ನೇ! ಅವನು ನನ್ನ ಒಡಹುಟ್ಟಿದ ಅಣ್ಣ ಕಣೋ. ಕೀ ಕೊಟ್ಟವಳು ನಾನು. ಅವನ ಮೈಮೇಲೆ ಕೈ ಬಿದ್ರೆ ಆ ಕೈನ ಇದೇ ಕಾವಲಿ ಮೇಲೆ ಸುಡ್ತೀನಿ!"

ಬೀಗ ಹಾಕಿದ ಗ್ರೂಪಿನಲ್ಲಿ ಅದೊಂದೇ ದನಿ ಹೋಯಿತು.

ಹಾರ್ನ್‌ಗಳು ಮೊಳಗುತ್ತಲೇ ಇದ್ದವು. ಆಮೇಲೆ ಒಂದೊಂದಾಗಿ ನಿಂತವು. ಕೇಳಿಸಿಕೊಂಡು ನಿಲ್ಲಿಸಿದರೋ, ಎಲ್ಲ ಮುಗಿದು ನಿಲ್ಲಿಸಿದರೋ? ನಂಗೋಬಿ ಅವನ ತೋಳು ಹಿಡಿದುಕೊಂಡಳು. ಕಾವಲಿಯ ಮೇಲೆ ಚಪಾತಿ ಸೀದು ಹೊಗೆಯಾಡಿತು.

ಫೋನು ಬಡಿದುಕೊಂಡಿತು. ಬಾಲಿದಾವ.

"ಚೇರ್ಮನ್ರೇ... ಅವನ ತುಟಿ ಒಡೆದಿದೆ, ಅಷ್ಟೇ. ಕಲ್ಲು ಎತ್ತಿದ್ರು, ನಂಗೋಬಿ ಅಕ್ಕನ ದನಿ ಕೇಳಿ ಇಳಿಸಿದ್ರು. ಗ್ರೂಪಿನ ಬೀಗ ತೆಗೀರಿ, ತಪ್ಪಾಯ್ತು ಅಂತ ಹಾಕ್ತೀನಿ."

ಬೀಗ ತೆಗೆದ. ಬಾಲಿದಾವ ವಾಕೋನ ಹೆಗಲ ಮೇಲೆ ಕೈ ಹಾಕಿ ನಗುತ್ತ ನಿಂತ ಫೋಟೋ ಬಂತು. ವಾಕೋ ನಗುತ್ತಿರಲಿಲ್ಲ.

ಮುಗೋಯ ಅಳಿಸಿದ.

"ಈಗ ಒಳ್ಳೇದಕ್ಕೇ ಹಾಕಿದ್ನಲ್ಲ ಚೇರ್ಮನ್ರೇ!"

"ಮುಖ ಹಾಕಬೇಡ ಅಂದೆ."