ವೈವಾದಲ್ಲಿ ಟಗರು

ಹಾಸ್ಟೆಲಿನ ಗೆಳೆಯರೇ, ನಾನು ಪಾಸು! ಇವತ್ತು ಬಿ.ಎಡ್. ಮನಶ್ಶಾಸ್ತ್ರದ ವೈವಾಕ್ಕೆ ನಮ್ಮ ಆದೋನಿ ಕಾಲೇಜಿಗೆ ಬಂದ ಪರೀಕ್ಷಕ ಆಚಾರ್ಯರು ಬೆಳಗಿನಿಂದ ಒಬ್ಬೊಬ್ಬರನ್ನೂ ಬೈದು ಹೊರಗಟ್ಟುತ್ತಿದ್ದರು. ನನ್ನ ಸರದಿ ಬಂತು.

“ಹಸಿವು ನಡತೀನ ಹ್ಯಾಂಗ ಬದಲಸ್ತದ? ಉದಾಹರಣಿ ಹೇಳು.”

ನಾನು ಕುರಿ ಕಾಯುವ ಮನೆಯವನು. ಪುಸ್ತಕದಲ್ಲಿದ್ದ ಪ್ರಯೋಗದ ಇಲಿ ನೆನಪಿಗೇ ಬರಲಿಲ್ಲ. “ಹೊಟ್ಟಿ ಹಸದ್ರ ನಮ್ಮ ಟಗರು ಎದುರು ಬಂದೋರ್ನೆಲ್ಲ ಹಾಯ್ತೈತ್ರಿ ಸಾರ್” ಎಂದುಬಿಟ್ಟೆ.

ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ತಲೆ ಮೇಲೆ ಕೈಯಿಟ್ಟುಕೊಂಡರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಚಾರ್ಯರು ದುರುಗುಟ್ಟಿ ನೋಡಿದರು. ಆಮೇಲೆ ಜೋರಾಗಿ ನಕ್ಕು ತಮ್ಮ ಎದೆ ತಟ್ಟಿಕೊಂಡರು.

“ಖರೇ ಅದ. ಈ ಟಗರಿಗೆ ಇವತ್ತು ಏಕಾದಶಿ, ಮುಂಜಾನಿಂದ ನೀರೂ ಮುಟ್ಟಿಲ್ಲ. ಪಾಸಾದಿ, ಹೋಗಪ್ಪ, ಪೋ ನಾಯನಾ!”

ನಾಳೆ ವೈವಾ ಇರುವವರು ಹೆದರಬೇಡಿ. ನಾಳೆ ದ್ವಾದಶಿ, ಟಗರು ಬೆಳಿಗ್ಗೆಯೇ ಪಾರಣೆಯ ಊಟ ಮುಗಿಸಿ ಬರುತ್ತದೆ.