ನನಗೆ ಕೊಟ್ಟ ಕೆಲಸ

ಮೇಡಮ್ ಅವರ ಎರಡೂ ಕೆನ್ನೆಯ ಮೇಲೆ, ಹೆಲ್ಮೆಟ್ ಪಟ್ಟಿಯ ಅಗಲಕ್ಕೆ, ಬಿಸಿಲು ತಾಗದ ಒಂದೊಂದು ಗೆರೆ ಇತ್ತು. ಮದುವೆಮನೆಗೆ ರೇಷ್ಮೆ ಸೀರೆ ಉಟ್ಟು ಬಂದರೂ ಆ ಗೆರೆ ಕಾಣುತ್ತಿತ್ತು. ಕುದಾಪುರದ ಹತ್ತಿರ ನಾವು ಕಟ್ಟುತ್ತಿದ್ದ ಹಾಸ್ಟೆಲಿಗೆ ಅವರು ಪ್ರಾಜೆಕ್ಟ್ ಮ್ಯಾನೇಜರ್. ನಾನು ಹೊಸದಾಗಿ ಸೇರಿದ ಇಂಜಿನಿಯರ್.

ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇವತ್ತು ಯಾವ ಕೆಲಸ ಯಾರದು ಎಂದು ಅವರವರ ಬಾಯಲ್ಲೇ ಹೇಳಿಸುತ್ತಿದ್ದರು. ಶಾಲೆಮಕ್ಕಳ ಹಾಗೆ! ನನಗೆ ಮೈ ಉರಿಯುತ್ತಿತ್ತು. "ನೋಡ್ಕೊಂತೀವಿ ಬಿಡ್ರಿ" ಅಂದರೆ ಸಾಕು, "ಯಾರಪ್ಪ ನೋಡ್ಕೊಳ್ಳೋದು? ಮುಂದೆ ಬಂದು ಹೇಳು" ಅನ್ನುವರು. ಇನ್ನೊಂದು ಹಟವೂ ಇತ್ತು. ಅವರೇ ಬಂದು ನೋಡಿ "ಮುಗೀತು, ಬಿಡು" ಅನ್ನುವವರೆಗೂ ಆ ಕೆಲಸ ನಮ್ಮ ತಲೆಯ ಮೇಲೇ.

ಚಾವಣಿಗೆ ಮೋಲ್ಡ್ ಹಾಕುವ ದಿನ ಅವರು ಚಳ್ಳಕೆರೆಯ ಆಸ್ಪತ್ರೆಗೆ ತೋರಿಸಿಕೊಂಡು ತಡವಾಗಿ ಬಂದರು. ಬೆಳಗಿನ ಆ ಶಾಸ್ತ್ರ ನಡೆದಿರಲಿಲ್ಲ. ಕಾಂಕ್ರೀಟ್ ಲಾರಿಗಳು ಬಂದು ನಿಂತಿದ್ದವು. ಜನ ಮೇಲೆ ಹತ್ತಿದ್ದರು.

"ಕೆಳಗಡೆ ಆಸರೆ ಕಂಬ ಯಾರು ನೋಡಿದ್ರಿ?"

ನಾನು ಮೇಸ್ತ್ರಿಯನ್ನು ನೋಡಿದೆ, ಮೇಸ್ತ್ರಿ ಸೂಪರ್‌ವೈಸರನ್ನು ನೋಡಿದ, ಅವನು ನನ್ನನ್ನು ನೋಡಿದ. ಮೇಡಮ್ ಎಲ್ಲರನ್ನೂ ಕೆಳಗಿಳಿಸಿದರು. ಒಂದು ಮೂಲೆಯ ಕಂಬಗಳು, ಬುಡಕ್ಕೆ ಹಲಗೆಯೇ ಇಲ್ಲದೆ, ಹಸಿ ಮಣ್ಣಿನ ಮೇಲೆ ನಿಂತಿದ್ದವು. ದೇವರೇ! ಅವರು ಬೈಯಲಿಲ್ಲ. "ಮೇಲಿದ್ದೋರಿಗೆಲ್ಲ ಮನೇಲಿ ಕಾಯೋರು ಅದಾರೆ ಕಣಪ್ಪ" ಎಂದರು ಅಷ್ಟೆ. ಲಾರಿಗಳು ವಾಪಸ್ ಹೋದವು. ಅಂದಿನಿಂದ ನಾನು ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದೆ.

ಅವರ ಕಾಯಿಲೆ ವಾಸಿಯಾಗುವಂಥದ್ದಾಗಿರಲಿಲ್ಲ. ಕೊನೆಗೆ ಹಾಸಿಗೆ ಹಿಡಿದಾಗ ನಮ್ಮನ್ನೆಲ್ಲ ಕರೆಸಿದರು. ಗುಂಡಿ ತೋಡಿಸುವುದು ಮೇಸ್ತ್ರಿ, ನೆಂಟರಿಗೆ ಫೋನ್ ಮಾಡುವುದು ಸೂಪರ್‌ವೈಸರ್. ತಮ್ಮ ಮಣ್ಣಿಗೆ ತಾವೇ ಕೆಲಸ ಹಂಚುತ್ತಿದ್ದರು.

"ಸುಮ್ನಿರ್ರಿ ಮೇಡಮ್" ಎಂದು ನಾನು ಅತ್ತುಬಿಟ್ಟೆ.

"ಅಳೋದು ಆಮೇಲೆ. ನಿಂದು ಒಂದೇ ಕೆಲ್ಸ. ನಮ್ಮವ್ವನ ಪಕ್ಕ ಕೂತ್ಕೋಬೇಕು. ಅವತ್ತು ಎಲ್ರೂ ನನ್ ಸುತ್ತಾನೇ ಓಡಾಡ್ತಿರ್ತಾರೆ, ಅವಳನ್ನ ಯಾರೂ ನೋಡಲ್ಲ. ಯಾರು ಕರೆದ್ರೂ ಏಳಬ್ಯಾಡ."

ಮೊಳಕಾಲ್ಮೂರಿನ ಅವರ ತಮ್ಮನ ಮನೆಯಲ್ಲಿ ಎಲ್ಲವೂ ಅವರು ಹೇಳಿದಂತೆಯೇ ನಡೆಯಿತು. ಹೂವಿನ ನಡುವೆಯೂ ಕೆನ್ನೆಯ ಗೆರೆ ಕಾಣುತ್ತಿತ್ತು. ಎತ್ತುವ ಹೊತ್ತಿಗೆ ಮೇಸ್ತ್ರಿ ಕೂಗಿದ: "ಬಾರಲೇ, ಹೆಗಲು ಕೊಡು!" ಆ ಹೆಗಲು ನನ್ನದೂ ಆಗಬೇಕಿತ್ತು. ಏಳಲಿಲ್ಲ.

"ನೀನು ಹೋಗಲ್ವೇನು ನಾಯ್ನಾ?" ಎಂದು ಅವ್ವ ಕೇಳಿತು.

"ಇಲ್ಲವ್ವ. ನನ್ ಕೆಲ್ಸ ಇಲ್ಲೇ ಐತೆ."

ಅವ್ವ ನನ್ನ ತೋಳು ಹಿಡಿದುಕೊಂಡು, ಅವತ್ತು ಮೊದಲ ಸಲ ಬಾಯಿಬಿಟ್ಟು ಅತ್ತಿತು.

ಹಾಸ್ಟೆಲ್ ಮುಗಿದು, ಮಕ್ಕಳು ಬಂದು ಸೇರಿದ್ದಾರೆ. ನಾನು ಭಾನುವಾರ ಬಂತೆಂದರೆ ನಾಯಕನಹಟ್ಟಿಯ ನಮ್ಮ ಮನೆಯಿಂದ ಹೊರಟು ಮೊಳಕಾಲ್ಮೂರಿನಲ್ಲಿ ಅವ್ವನ ಪಕ್ಕ ಕೂತು ಬರುತ್ತೇನೆ. "ಇನ್ನೂ ಎಷ್ಟು ದಿನ ಹೋಗ್ತೀರಿ?" ಎಂದು ಹೆಂಡತಿ ಕೇಳುತ್ತಾಳೆ.

ನನಗೇನು ಗೊತ್ತು? "ಮುಗೀತು, ಬಿಡು" ಎಂದು ಮೇಡಮ್ ಇನ್ನೂ ಹೇಳಿಲ್ಲ.